ಅಕ್ಷರ ಹೊಕ್ಕ ಮಿದುಳು

ನಮ್ಮ ತುಮಕೂರು ಸೀಮೆಯಲ್ಲಿ ಸ್ತ್ರೀಶಕ್ತಿ ಸಂಘಗಳು ಬಂದ ಮೇಲೆ ಹೆಬ್ಬೆಟ್ಟು ಒತ್ತುವ ಹೆಂಗಸರು ಬಹಳ ಕಡಿಮೆಯಾದರು. ಸಾಲ ಬೇಕಾದರೆ ಸಹಿ ಬೇಕು, ಸಹಿ ಹಾಕುವವರಿಗೆ ಸಂಘದಲ್ಲಿ ಒಂದು ಮರ್ಯಾದೆ. ಹಾಗಾಗಿ ಮಗಳೋ ಮೊಮ್ಮಗನೋ ಸ್ಲೇಟಿನ ಮೇಲೆ ಹೆಸರು ಬರೆದುಕೊಟ್ಟು, ಅದರ ಮೇಲೆಯೇ ತಿದ್ದಿ ತಿದ್ದಿ ಸಹಿ ಕಲಿತವರು ಊರೂರಲ್ಲೂ ಇದ್ದಾರೆ. ‘ಲಕ್ಷ್ಮಮ್ಮ’ ಎಂದು ಸಹಿ ಹಾಕುವವರ ಕೈಯನ್ನು ಗಮನಿಸಿ ನೋಡಿ. ಲ ದುಂಡಗೆ ಬರುತ್ತದೆ. ಕ್ಷ ಬರೆದು ಅದರ ಬುಡಕ್ಕೆ ಮ ಒತ್ತು ಕೊಡುತ್ತಾರೆ, ಪಕ್ಕದಲ್ಲಿ ಮ ಬರೆದು ಅದಕ್ಕೂ ಒತ್ತು ಕೊಡುತ್ತಾರೆ. ಒಂದನೇ ತರಗತಿಯ ಮಗುವಿಗೆ ಬೆವರಿಳಿಸುವ ಹೆಸರು ಅದು. ಕೈ ಎಲ್ಲೂ ತಡವರಿಸುವುದಿಲ್ಲ. ಆಮೇಲೆ ಅದೇ ಹೆಂಗಸಿಗೆ ಒಂದು ಲಗ್ನಪತ್ರಿಕೆ ತೋರಿಸಿ, ‘ಲಗ್ನ’ ಎಂಬ ಪದದ ಮೊದಲ ಅಕ್ಷರದ ಮೇಲೆ ಬೆರಳಿಟ್ಟು, “ಇದ್ಯಾವುದಮ್ಮ?” ಎಂದು ಕೇಳಿ. ಗೊತ್ತಿಲ್ಲ ಎಂದು ತಲೆ ಆಡಿಸುತ್ತಾರೆ. ದಿನವೂ ತಾವೇ ಬರೆಯುವ ಅಕ್ಷರ!

ನಾನು ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಂಡು ನಿವೃತ್ತಳಾದವಳು. ಈಗ ಊರಿನ ಅಂಗನವಾಡಿಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಓದು ಕಲಿಸುತ್ತೇನೆ. ಬರುವವರೆಲ್ಲ ಹೆಂಗಸರೇ. ನಲವತ್ತು ದಾಟಿದವರು, ಐವತ್ತು ದಾಟಿದವರು, ಒಬ್ಬಿಬ್ಬರು ಅರವತ್ತರ ಮೇಲಿನವರು. ಮಕ್ಕಳಿಗೆ ಕಲಿಸುವಾಗ ಮಿದುಳಿನ ಬಗ್ಗೆ ನಾನು ಯೋಚಿಸಿದವಳೇ ಅಲ್ಲ; ಮಕ್ಕಳು ಹೇಗೂ ಕಲಿಯುತ್ತವೆ. ದೊಡ್ಡವರ ತರಗತಿಯಲ್ಲಿ ಪ್ರಶ್ನೆ ಎದುರಿಗೇ ಬಂದು ನಿಲ್ಲುತ್ತದೆ. “ಟೀಚರಮ್ಮ, ಈ ವಯಸ್ನಾಗೆ ತಲೆಗೆ ಹತ್ತುತ್ತಾ?” ಎಂದು ಅವರು ಕೇಳುವುದು ಬಾಯಿಮಾತಿಗಲ್ಲ, ನಿಜವಾದ ಅಂಜಿಕೆಯಿಂದ. ಅವರಿಗೆ ಸಮಾಧಾನ ಹೇಳಿದರೆ ಸಾಲದು, ಉತ್ತರ ಹೇಳಬೇಕು ಎಂದುಕೊಂಡು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಉತ್ತರ ಇದೆ. ಹತ್ತುತ್ತದೆ. ಹತ್ತುವಾಗ ಕಣ್ಣಿನ ಹಾದಿಗೂ ಮಾತಿನ ಹಾದಿಗೂ ನಡುವೆ ಹೊಸ ಸಂಪರ್ಕ ಏರ್ಪಡುತ್ತದೆ, ಅದು ಯಂತ್ರದಲ್ಲಿ ಅಳೆಯುವಷ್ಟು ಸ್ಪಷ್ಟವಾಗಿರುತ್ತದೆ.

ಈ ಸಂಪರ್ಕ ಎಂಬುದು ಎಂಥದ್ದು ಎಂದು ಮೊದಲು ಗೊತ್ತಾದದ್ದು ಅದು ಕಡಿದುಹೋದ ಒಬ್ಬ ಮನುಷ್ಯನಿಂದ. 1887ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಒಬ್ಬ ನಿವೃತ್ತ ವ್ಯಾಪಾರಿಗೆ ಇದ್ದಕ್ಕಿದ್ದಂತೆ ಓದಲು ಬಾರದಾಯಿತು. ಚೆನ್ನಾಗಿ ಓದಿಕೊಂಡಿದ್ದ ಮನುಷ್ಯ. ಕಣ್ಣು ಹೋಗಿರಲಿಲ್ಲ: ಎದುರಿಗಿದ್ದವರ ಗುರುತು ಹತ್ತುತ್ತಿತ್ತು, ವಸ್ತುಗಳ ಹೆಸರು ಹೇಳುತ್ತಿದ್ದ. ಮಾತು ಸರಾಗವಾಗಿತ್ತು. ವಿಚಿತ್ರವೆಂದರೆ ಬರೆಯಲೂ ಬರುತ್ತಿತ್ತು. ಹೇಳಿದ್ದನ್ನೆಲ್ಲ ಬರೆಯುತ್ತಿದ್ದ, ಆಮೇಲೆ ತಾನು ಬರೆದದ್ದನ್ನೇ ಓದಲಾರದೆ ಕೂರುತ್ತಿದ್ದ. ಅಂಕಿಗಳನ್ನು ಓದಬಲ್ಲವನಾಗಿದ್ದ. ಅಕ್ಷರದ ಗೆರೆಯ ಮೇಲೆ ಬೆರಳಾಡಿಸಿದರೆ ಮಾತ್ರ ಅದು ಯಾವುದೆಂದು ಹೊಳೆಯುತ್ತಿತ್ತು. ಅವನನ್ನು ಪರೀಕ್ಷಿಸಿದ ವೈದ್ಯ ಜೂಲ್ ದೆಜೆರೀನ್. 1892ರಲ್ಲಿ ರೋಗಿ ತೀರಿಕೊಂಡ ಮೇಲೆ ಮಿದುಳನ್ನು ತೆರೆದು ನೋಡಿದಾಗ ಎಡಗಡೆ ಹಿಂದಲೆಯಲ್ಲಿ ಹಾನಿಯಾಗಿತ್ತು. ಮಿದುಳಿನ ಎಡ ಬಲ ಭಾಗಗಳನ್ನು ಜೋಡಿಸುವ ನರತಂತುಗಳ ದೊಡ್ಡ ಕಟ್ಟಿನ ಹಿಂತುದಿಗೂ ಪೆಟ್ಟು ಬಿದ್ದಿತ್ತು. ಆ ಹಿಂತುದಿಗೆ ಸ್ಪ್ಲೀನಿಯಂ ಎನ್ನುತ್ತಾರೆ. ಬಲಭಾಗಕ್ಕೆ ಅಕ್ಷರ ಕಾಣುತ್ತಿತ್ತು, ಆದರೆ ಕಂಡದ್ದು ಎಡಗಡೆಯ ಭಾಷೆಯ ಕೇಂದ್ರಗಳಿಗೆ ತಲುಪುವ ದಾರಿ ಕಡಿದಿತ್ತು. ಕೈಗೂ ಭಾಷೆಗೂ ನಡುವಿನ ದಾರಿ ಮಾತ್ರ ಉಳಿದಿತ್ತು.

ಇದನ್ನು ಓದಿದಾಗ ನನ್ನ ಸಹಿಯ ಹೆಂಗಸರು ಅರ್ಥವಾದರು. ಅವರಲ್ಲಿ ಏನೂ ಕಡಿದಿಲ್ಲ, ಕಣ್ಣಿನಿಂದ ಮಾತಿನವರೆಗಿನ ದಾರಿಯನ್ನು ಯಾರೂ ಹಾಕಿಕೊಟ್ಟಿಲ್ಲ ಅಷ್ಟೆ. ಸಹಿ ಅವರ ಕೈಯಲ್ಲಿ ಒಂದು ರಂಗೋಲಿಯ ಹಾಗೆ ಕೂತಿದೆ. ಲ ಎಂಬ ಗೆರೆಗೂ ‘ಲ’ ಎಂಬ ಸದ್ದಿಗೂ ಪರಿಚಯವೇ ಆಗಿಲ್ಲ.

ಓದುವುದಕ್ಕೆಂದೇ ಮಿದುಳಿನಲ್ಲಿ ಜಾಗ ಇಟ್ಟುಕೊಂಡು ಯಾರೂ ಹುಟ್ಟುವುದಿಲ್ಲ. ಮನುಷ್ಯ ಮಾತಾಡಲು ಕಲಿತು ಎಷ್ಟೋ ಕಾಲವಾಯಿತು. ಬರಹ ಹುಟ್ಟಿ ಐದು ಸಾವಿರ ವರ್ಷಗಳ ಆಸುಪಾಸು ಅಷ್ಟೆ, ಅದೂ ತೀರಾ ಮೊನ್ನೆಮೊನ್ನೆಯವರೆಗೆ ಬೆರಳೆಣಿಕೆಯವರ ಸೊತ್ತು. ಆದರೂ ಕನ್ನಡ ಓದುವವರಿರಲಿ, ಚೀನೀ ಭಾಷೆ ಓದುವವರಿರಲಿ, ಓದುವಾಗ ಹೆಚ್ಚುಕಡಿಮೆ ಒಂದೇ ಜಾಗ ಚುರುಕಾಗುತ್ತದೆ: ಮಿದುಳಿನ ಎಡಭಾಗದ ಅಡಿಯಲ್ಲಿ, ಹಿಂದಲೆಯ ಕಡೆಗೆ. ಫ್ರಾನ್ಸಿನ ಲೊರಾಂ ಕೊಹೆನ್ ಮತ್ತು ಸ್ಟಾನಿಸ್ಲಾಸ್ ದೆಹಾನ್ 2000ನೇ ಇಸವಿಯಲ್ಲಿ ಅದನ್ನು ಪದಗಳ ರೂಪ ಗುರುತಿಸುವ ಜಾಗ ಎಂದು ಕರೆದರು. ಓದು ಬಾರದವರಲ್ಲಿ ಆ ಜಾಗ ಖಾಲಿ ಬಿದ್ದಿರುವುದಿಲ್ಲ. ಮುಖ, ವಸ್ತು, ಗೆರೆಗಳು ಕೂಡುವ ಜಾಗ ಇಂಥವನ್ನು ಗುರುತಿಸುವ ಕೆಲಸದಲ್ಲಿರುತ್ತದೆ. ಓದು ಕಲಿತಾಗ ಅದರ ಒಂದು ಪಾಲು ಅಕ್ಷರಕ್ಕೆ ಪಳಗುತ್ತದೆ.

ಆ ಜಾಗವೇ ಯಾಕೆ? ಅಮೆರಿಕದ ಎಂಐಟಿಯಲ್ಲಿ ಜೆಯ್ನೆಪ್ ಸೈಗಿನ್ ಮತ್ತು ನ್ಯಾನ್ಸಿ ಕ್ಯಾನ್‌ವಿಶರ್ ತಂಡದವರು ಇನ್ನೂ ಓದು ಬಾರದ ಐದು ವರ್ಷದ ಮಕ್ಕಳ ಮಿದುಳಿನ ಚಿತ್ರ ತೆಗೆದು, ಅವರೇ ಎಂಟು ವರ್ಷದವರಾಗಿ ಓದು ಕಲಿತ ಮೇಲೆ ಮತ್ತೆ ತೆಗೆದರು. 2016ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಯಾವ ಮಗುವಿನಲ್ಲಿ ಅಕ್ಷರದ ಜಾಗ ಸರಿಯಾಗಿ ಎಲ್ಲಿ ಮೂಡುತ್ತದೆ ಎಂಬುದನ್ನು ಐದನೇ ವಯಸ್ಸಿನ ನರತಂತುಗಳ ಜೋಡಣೆ ನೋಡಿಯೇ ಹೇಳಬಹುದಿತ್ತು. ಉಳಿದ ಭಾಗಗಳ ಜೊತೆ ಮೊದಲೇ ಒಂದು ಬಗೆಯ ನಂಟಿದ್ದ ಜಾಗವೇ ಅಕ್ಷರಕ್ಕೆ ಮನೆಯಾಗುತ್ತದೆ. ನಂಟಿನ ಎಳೆ ನಮ್ಮೆಲ್ಲರಲ್ಲೂ ಇದೆ, ಶಾಲೆಗೆ ಹೋದವರಲ್ಲೂ ಹೋಗದವರಲ್ಲೂ. ಅದನ್ನು ಕೆಲಸಕ್ಕೆ ಹಚ್ಚುವುದು ಕಲಿಕೆ.

ಇನ್ನು ಕೆಲಸಕ್ಕೆ ಹಚ್ಚುವುದು ಎಷ್ಟು ಕಷ್ಟ ಎಂಬುದನ್ನು ಹತ್ತಿರದಿಂದ ನೋಡಬೇಕಾದರೆ ‘ಅಕ್ಕಿ’ ಎಂಬ ಪದ ಸಾಕು. ನಮ್ಮ ತರಗತಿಯ ಹೆಂಗಸರು ದಿನಕ್ಕೆ ಎಷ್ಟೋ ಸಲ ಆಡುವ ಮಾತು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಅ ಗೊತ್ತಿದೆ. ಮುಂದಿನದು ಕ, ಅದರ ತಲೆಯ ಮೇಲೆ ಗುಡಿಸು, ಕಾಲ ಬುಡದಲ್ಲಿ ಇನ್ನೊಂದು ಕ. ಒಬ್ಬಾಕೆ ಎದ್ದು ಬಂದು ಬೋರ್ಡಿಗೆ ಬೆರಳು ತಾಗಿಸಿ ಓದುತ್ತಾರೆ: “ಅ… ಕಿ… ಕ. ಅಕಿಕ.” ಅವರು ಕಂಡದ್ದನ್ನು ಕಂಡ ಹಾಗೆಯೇ ಓದಿದ್ದಾರೆ, ನೋಡಿದರೆ ಅವರದೇ ಸರಿ. ಗುಡಿಸು ಇರುವುದು ಮೇಲಿನ ಕ ಗೆ. ಅದರ ಸದ್ದು ಬರಬೇಕಾದದ್ದು ಕೆಳಗಿನ ಕ ಆದ ಮೇಲೆ. ಅಂದರೆ ಕಣ್ಣು ಮೇಲಿನಿಂದ ಕೆಳಗಿಳಿದು, ಮತ್ತೆ ಮೇಲೆ ಹತ್ತಿ ಗುಡಿಸನ್ನು ತೆಗೆದುಕೊಳ್ಳಬೇಕು. ಅರ್ಕಾವತ್ತು ಇನ್ನೂ ಮೇಲೆ: ‘ಧರ್ಮ’ದಲ್ಲಿ ಮೊದಲು ಕೇಳುವ ರ್ ಬರಹದಲ್ಲಿ ಮ ಆದ ಮೇಲೆ ನಿಂತಿರುತ್ತದೆ. ಓದು ಬಲ್ಲ ನಮಗೆ ಇವು ಕಾಣುವುದೇ ಇಲ್ಲ. ‘ಅಕ್ಕಿ’ ಇಡಿಯಾಗಿ ಒಳಗೆ ಹೋಗುತ್ತದೆ.

ಆಕಾರಗಳ ಗೊಂದಲವೂ ಇದೆ. ದ ಗೆ ಬುಡದಲ್ಲಿ ಸೀಳು ಬಿದ್ದರೆ ಧ, ಹೊಟ್ಟೆಯೊಳಗೊಂದು ಚುಕ್ಕೆಯೂ ಸೇರಿದರೆ ಥ. ಮ ಎಂಬುದು ವ ಗೆ ಕೊಂಬು ಕೊಟ್ಟಂತೆಯೇ ಕಾಣುತ್ತದೆ. ಅದಕ್ಕೇ ನಿಜವಾಗಿ ವ ಗೆ ಕೊಂಬು ಕೊಡುವಾಗ ಕೆಳಕ್ಕೆ ಇಳಿಸಿ ಬರೆಯುತ್ತೇವೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿಸಿದರೆ ಕನ್ನಡ ಓದುಗರು ಗುರುತಿಸಬೇಕಾದ ಆಕಾರಗಳು ನಾನೂರಕ್ಕೂ ಹೆಚ್ಚು. ಕನ್ನಡ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನಲ್ಲಿ ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಬರೆದಂತೆ, ನಾಲ್ಕನೇ ತರಗತಿಗೆ ಬಂದ ಮಕ್ಕಳಲ್ಲೂ ಈ ಕಲಿಕೆ ಪೂರ್ತಿ ಮುಗಿದಿರುವುದಿಲ್ಲ. ಆರು ತಿಂಗಳಲ್ಲಿ ಅಮ್ಮಂದಿರು ಸರಾಗವಾಗಿ ಓದಬೇಕು ಎಂದು ನಿರೀಕ್ಷಿಸುವವರು ಇದನ್ನು ನೆನಪಿಡಬೇಕು.

ಅಕ್ಷರಗಳನ್ನು ಬಿಡಿಬಿಡಿಯಾಗಿ ಬಲ್ಲವರೂ ಪದದಲ್ಲಿ ಕೂಡಿ ಬಂದಾಗ ತಬ್ಬಿಬ್ಬಾಗುವುದನ್ನು ಕಲಿಸುವವರೆಲ್ಲ ಕಂಡಿರುತ್ತಾರೆ. ಮ ಗೊತ್ತು, ರ ಗೊತ್ತು, ‘ಮರ’ ಬರೆದರೆ ಎರಡೂ ಕಲಸಿಹೋಗುತ್ತವೆ. ಇದಕ್ಕೊಂದು ವಿವರಣೆ ಸಿಕ್ಕಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅಲ್ಲಿ ಎಸ್. ಪಿ. ಅರುಣ್ ಅವರ ಪ್ರಯೋಗಾಲಯದಲ್ಲಿ ಆಕಾಶ್ ಅಗ್ರವಾಲ್ ಮತ್ತು ಸಂಗಡಿಗರು ತೆಲುಗು ಓದುವವರನ್ನೂ ಮಲಯಾಳಂ ಓದುವವರನ್ನೂ ಕೂರಿಸಿಕೊಂಡು ಒಂದು ಪರೀಕ್ಷೆ ಮಾಡಿದರು. ಪರದೆಯ ಮೇಲೆ ಒಂದೇ ಬಗೆಯ ಆಕಾರಗಳ ನಡುವೆ ಒಂದು ಮಾತ್ರ ಬೇರೆ. ಅದನ್ನು ಆದಷ್ಟು ಬೇಗ ಹುಡುಕಬೇಕು. ತೆಲುಗಿನವರಿಗೆ ತೆಲುಗು ಅಕ್ಷರವೂ ಗೊತ್ತಿಲ್ಲದ ಮಲಯಾಳಂ ಅಕ್ಷರವೂ, ಮಲಯಾಳಂನವರಿಗೆ ಇವೇ ಎರಡೂ. ಬೇರೆ ಬೇರೆ ಜಾತಿಯ ಲಿಪಿ ಅಲ್ಲ, ಒಂದೇ ಪ್ರದೇಶದ ದುಂಡು ಲಿಪಿಗಳು. ಹಾಗಾಗಿ ವ್ಯತ್ಯಾಸ ಕಂಡರೆ ಅದು ಓದಿನ ಅಭ್ಯಾಸದಿಂದ ಬಂದದ್ದೇ ಎಂದು ಹೇಳಬಹುದು. ಬಹಳ ಜಾಣತನದ ಏರ್ಪಾಡು ಎನ್ನಿಸಿತು ನನಗೆ. 2019ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುವುದು ಇಷ್ಟು: ಓದು ಬಲ್ಲವರ ಕಣ್ಣಿನಲ್ಲಿ ಅಕ್ಕಪಕ್ಕದ ಅಕ್ಷರಗಳು ಒಂದರ ಮೇಲೊಂದು ಕವಿದುಕೊಳ್ಳುವುದು ಕಡಿಮೆ. ಅಕ್ಷರಗಳ ಸಾಲು ಅವರಿಗೆ ಹೇಗೆ ಕಾಣುತ್ತದೆ ಎಂಬುದನ್ನು ಬಿಡಿ ಅಕ್ಷರಗಳಿಂದಲೇ ಲೆಕ್ಕ ಹಾಕಬಹುದು. ಓದು ಬಾರದವರಿಗೆ ಸಾಲು ಎಂದರೆ ಒಂದು ಗಂಟು. ಓದಿನ ಅಭ್ಯಾಸ ಆ ಗಂಟನ್ನು ಬಿಡಿಸುತ್ತದೆ. ಅದು ಬುದ್ಧಿಯ ಮಟ್ಟದಲ್ಲಿ ನಡೆಯುವುದಲ್ಲ, ನೋಟದ ಮಟ್ಟದಲ್ಲೇ ನಡೆಯುತ್ತದೆ. ಇದನ್ನು ಓದಿದ ಮೇಲೆ ನಾನು ಪಾಠದಲ್ಲಿ ಅಕ್ಷರಗಳ ನಡುವೆ ಬೆರಳಗಲ ಜಾಗ ಬಿಟ್ಟು ಬರೆಯತೊಡಗಿದೆ, ದಿನ ಕಳೆದಂತೆ ಜಾಗ ಕಡಿಮೆ ಮಾಡುತ್ತ ಬರುತ್ತೇನೆ.

ನನ್ನ ತರಗತಿಗೆ ತೀರಾ ಹತ್ತಿರದ್ದು ಲಖನೌ ಕಡೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನ. ಶಾಲೆಯ ಮೆಟ್ಟಿಲು ಹತ್ತದ ಮೂವತ್ತು ಮಂದಿ, ಹೆಚ್ಚಿನವರು ಹೆಂಗಸರು, ಸರಾಸರಿ ವಯಸ್ಸು ಮೂವತ್ತರ ಆಸುಪಾಸು. ಅವರಲ್ಲಿ 21 ಮಂದಿಗೆ ಆರು ತಿಂಗಳು ದೇವನಾಗರಿ ಓದು ಕಲಿಸಿದರು, 9 ಮಂದಿಗೆ ಕಲಿಸಲಿಲ್ಲ. ಕಲಿಕೆಯ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಎಲ್ಲರನ್ನೂ ಲಖನೌ ನಗರಕ್ಕೆ ಕರೆತಂದು ಎಂಆರ್‌ಐ ಯಂತ್ರದಲ್ಲಿ ಮಲಗಿಸಿದರು. ಜರ್ಮನಿ ಮತ್ತು ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳ ಮೈಕೆಲ್ ಸ್ಕೈಡ್, ಫಾಲ್ಕ್ ಹ್ಯೂಟಿಗ್ ಮತ್ತು ಭಾರತದ ಉತ್ತಮ್ ಕುಮಾರ್, ರಮೇಶ್ ಮಿಶ್ರಾ ಮೊದಲಾದವರು ಸೇರಿ ಮಾಡಿದ ಕೆಲಸ ಇದು. 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಹೆಚ್ಚಿನವರು ಒಂದನೇ ತರಗತಿಯ ಮಕ್ಕಳ ಮಟ್ಟಕ್ಕೆ ಬಂದಿದ್ದರು. ಹೆಚ್ಚೇನೂ ಅಲ್ಲ ಎನ್ನಿಸಬಹುದು. ಒಳಗೆ ಆಗಿದ್ದ ಬದಲಾವಣೆ ಮಾತ್ರ ಅಷ್ಟಕ್ಕೇ ನಿಂತಿರಲಿಲ್ಲ.

ಬದಲಾವಣೆ ಮಿದುಳಿನ ಮೇಲ್ಪದರದಲ್ಲಿ ಆಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಅದು ಆಳಕ್ಕೂ ಇಳಿದಿತ್ತು. ಕಣ್ಣಿನಿಂದ ಹೊರಟ ಸಂಕೇತ ನೇರವಾಗಿ ಹಿಂದಲೆಗೆ ಹೋಗುವುದಿಲ್ಲ. ನಡುಮಿದುಳಿನಲ್ಲಿ, ಥಲಾಮಸ್‌ನಲ್ಲಿ ಅದಕ್ಕೆ ತಂಗುದಾಣಗಳಿವೆ. ನಡುಮಿದುಳಿನಲ್ಲಿರುವ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಪುಟ್ಟ ಉಬ್ಬು ಕಣ್ಣುಗುಡ್ಡೆ ಮುಂದೆ ಎಲ್ಲಿಗೆ ಜಿಗಿಯಬೇಕು ಎಂಬುದನ್ನು ನೋಡಿಕೊಳ್ಳುತ್ತದೆ. ಥಲಾಮಸ್‌ನ ಪಲ್ವಿನಾರ್ ಎಂಬ ಭಾಗ ಕಂಡದ್ದರಲ್ಲಿ ಯಾವುದಕ್ಕೆ ಗಮನ ಕೊಡಬೇಕು ಎಂಬುದರಲ್ಲಿ ಕೈ ಆಡಿಸುತ್ತದೆ. ಓದು ಕಲಿತವರಲ್ಲಿ ಈ ಎರಡೂ ಭಾಗಗಳು ಹಿಂದಲೆಯ ನೋಟದ ಪದರದ ಜೊತೆ ಮೊದಲಿಗಿಂತ ಹೆಚ್ಚು ಹೊಂದಿಕೊಂಡು ಕೆಲಸ ಮಾಡುತ್ತಿದ್ದವು. ಓದು ಹೆಚ್ಚು ಬಂದವರಲ್ಲಿ ಹೊಂದಿಕೆಯೂ ಹೆಚ್ಚು.

ಹೊಂದಿಕೆ ಎಂದರೆ ಹೊಸದಾಗಿ ತಂತಿ ಎಳೆದದ್ದಲ್ಲ. ಯಂತ್ರ ಅಳೆದದ್ದು ಎರಡು ಜಾಗಗಳ ಚಟುವಟಿಕೆಯ ಏರಿಳಿತ ಎಷ್ಟು ಒಟ್ಟೊಟ್ಟಿಗೆ ನಡೆಯುತ್ತದೆ ಎಂಬುದನ್ನು. ಹಿಂದೆ ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರುಬದುರು ನಿಂತು ಒನಕೆಯಲ್ಲಿ ಭತ್ತ ಕುಟ್ಟುತ್ತಿದ್ದರಲ್ಲ, ಹಾಗೆ. ಹೊಸಬರು ಬಂದರೆ ಒನಕೆಗೆ ಒನಕೆ ತಾಗುತ್ತದೆ, ಕುಟ್ಟು ನಿಲ್ಲುತ್ತದೆ. ಜೊತೆಯಾಗಿ ಕುಟ್ಟಿ ಕುಟ್ಟಿ ರೂಢಿಯಾದ ಮೇಲೆ ಒಂದು ಏಳುವ ಹೊತ್ತಿಗೆ ಇನ್ನೊಂದು ಬೀಳುತ್ತದೆ, ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಒನಕೆಯೂ ಅವೇ, ಒರಳೂ ಅದೇ. ಬದಲಾದದ್ದು ಅವುಗಳ ನಡುವಿನ ಲಯ.

ಓದಿಗೆ ಈ ಲಯ ಯಾಕೆ ಬೇಕು ಎಂಬುದು ಕಣ್ಣಿನ ಕೆಲಸ ನೋಡಿದರೆ ತಿಳಿಯುತ್ತದೆ. ಓದುವಾಗ ಕಣ್ಣು ಸಾಲಿನುದ್ದಕ್ಕೂ ಜಾರಿಕೊಂಡು ಹೋಗುವುದಿಲ್ಲ. ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಪಳಗಿದವರಲ್ಲಿ ಸೆಕೆಂಡಿಗೆ ಮೂರು ನಾಲ್ಕು ಸಲ. ನಿಂತಷ್ಟು ಹೊತ್ತಿನಲ್ಲಿ ಸ್ಪಷ್ಟವಾಗಿ ಕಾಣುವುದು ನಟ್ಟನಡುವಿನ ಕೆಲವೇ ಅಕ್ಷರ. ಮುಂದಿನ ಜಿಗಿತ ಎಲ್ಲಿಗೆ ಎಂದು ನಿರ್ಧಾರವಾಗಬೇಕಾದರೆ ಆಳದ ಆ ಉಬ್ಬೂ ಮೇಲಿನ ಪದರವೂ ಒಟ್ಟಿಗೆ ನಡೆಯಬೇಕು. ನಮ್ಮ ತರಗತಿಯಲ್ಲಿ ಬೆರಳಿಡದೆ ಓದಲು ಹೊರಟವರ ಕಣ್ಣು ಸಾಲು ತಪ್ಪಿ ಮೇಲಿನ ಸಾಲಿಗೆ ಹೋಗುತ್ತದೆ, ಅದಕ್ಕೇ ಬೆರಳು. ಕೆಲವು ಶಾಲೆಗಳಲ್ಲಿ ಬೆರಳಿಟ್ಟು ಓದಿದರೆ ಬೈಯುವ ರೂಢಿ ಇದೆ. ನಾನು ಬೈಯುವುದಿಲ್ಲ. ಬೆರಳು ತಾನಾಗಿಯೇ ಬಿಟ್ಟುಹೋಗುತ್ತದೆ.

ಹೊಂದಿಕೆ ಮಾತ್ರವಲ್ಲ, ನರತಂತುಗಳ ಕಟ್ಟಿನಲ್ಲೂ ವ್ಯತ್ಯಾಸ ಕಂಡ ಅಧ್ಯಯನ ಕೊಲಂಬಿಯಾ ದೇಶದ್ದು. ಅಲ್ಲಿ ಕಾಡಿನಲ್ಲಿ ಬಂದೂಕು ಹಿಡಿದು ಹೋರಾಡುತ್ತಿದ್ದವರು ಶಸ್ತ್ರ ಕೆಳಗಿಟ್ಟು ನಾಡಿಗೆ ಮರಳಿದ ಮೇಲೆ ಹರೆಯ ದಾಟಿದ ವಯಸ್ಸಿನಲ್ಲಿ ಓದು ಕಲಿತರು. ಮಾನುಯೆಲ್ ಕರೇರಾಸ್ ತಂಡದವರು ಹಾಗೆ ಕಲಿತ 20 ಮಂದಿಯನ್ನು, ಇನ್ನೂ ಕಲಿಯದ 22 ಮಂದಿಯ ಜೊತೆ ಹೋಲಿಸಿ ನೋಡಿದರು. 2009ರಲ್ಲಿ ಅವರು ತಿಳಿಸಿದಂತೆ, ಕಲಿತವರಲ್ಲಿ ಬಿಳಿ ದ್ರವ್ಯ, ಅಂದರೆ ನರತಂತುಗಳ ಕಟ್ಟು, ಹೆಚ್ಚಾಗಿದ್ದದ್ದು ಸ್ಪ್ಲೀನಿಯಂನಲ್ಲಿ. ಪ್ಯಾರಿಸ್ಸಿನ ಆ ವ್ಯಾಪಾರಿಯಲ್ಲಿ ಕಡಿದದ್ದೂ ಅದೇ ಜಾಗ. ನೂರಿಪ್ಪತ್ತು ವರ್ಷಗಳ ಅಂತರದಲ್ಲಿ, ಒಂದು ಕಡೆ ಓದು ಕಳೆದುಹೋದದ್ದರಿಂದ, ಇನ್ನೊಂದು ಕಡೆ ಓದು ಬಂದದ್ದರಿಂದ, ಒಂದೇ ಸೇತುವೆ ಗೊತ್ತಾಯಿತು. ಮಿದುಳಿನ ಬಗ್ಗೆ ನಾನು ಓದಿದ್ದರಲ್ಲಿ ನನ್ನನ್ನು ಇಷ್ಟು ಹಿಡಿದು ನಿಲ್ಲಿಸಿದ್ದು ಇನ್ನೊಂದಿಲ್ಲ.

ಹಾಗಾದರೆ “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂದು ನಮ್ಮವರು ಹೇಳುವುದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮುಚ್ಚಿ ಬೆಳೆಸಿದಾಗ, ಆಮೇಲೆ ಕಣ್ಣು ತೆರೆಸಿದರೂ ಮಿದುಳಿನ ನೋಟದ ಕೋಶಗಳು ಆ ಕಣ್ಣಿಗೆ ಓಗೊಡಲಿಲ್ಲ. ಬೆಳೆದ ಬೆಕ್ಕಿನ ಕಣ್ಣು ಮುಚ್ಚಿದರೆ ಹಾಗಾಗಲಿಲ್ಲ. ಎಳವೆಯಲ್ಲಿ ಒಂದು ಅವಧಿ ಇದೆ, ಕೆಲವು ಜೋಡಣೆಗಳು ಆಗಲೇ ಆಗಬೇಕು. ಈ ಕೆಲಸಕ್ಕಾಗಿ 1981ರಲ್ಲಿ ಅವರಿಗೆ ನೊಬೆಲ್ ಬಂತು. ಮಕ್ಕಳ ಮೆಳ್ಳಗಣ್ಣನ್ನು ಅದೃಷ್ಟ ಎಂದು ಬಿಡದೆ ಬೇಗ ವೈದ್ಯರಿಗೆ ತೋರಿಸಿ ಎಂದು ಹೇಳುವುದು ಇದಕ್ಕೇ.

ಆದರೆ ಆ ಬಾಗಿಲು ನಾವು ತಿಳಿದಷ್ಟು ಗಟ್ಟಿಯಾಗಿ ಮುಚ್ಚುವುದಿಲ್ಲ ಎಂಬುದನ್ನು ತೋರಿಸಿದ್ದೂ ನಮ್ಮ ದೇಶದ ಮಕ್ಕಳೇ. ಎಂಐಟಿಯ ಪವನ್ ಸಿನ್ಹಾ ದೆಹಲಿಯಲ್ಲಿ ಆರಂಭಿಸಿದ ಪ್ರಾಜೆಕ್ಟ್ ಪ್ರಕಾಶ್, ಹುಟ್ಟಿನಿಂದ ಕಣ್ಣಪೊರೆಯಿಂದ ಕುರುಡಾಗಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದ್ದವರು 8ರಿಂದ 17 ವರ್ಷದ ಐವರು. ಪಟ್ಟಿ ಬಿಚ್ಚಿದ ಹೊಸತರಲ್ಲಿ, ಕೈಯಲ್ಲಿ ಮುಟ್ಟಿ ತಿಳಿದ ಆಕಾರವನ್ನು ಕಣ್ಣಿನಲ್ಲಿ ಗುರುತಿಸಲು ಅವರಿಗೆ ಆಗಲಿಲ್ಲ. ಕೆಲವೇ ದಿನಗಳಲ್ಲಿ ಆಗತೊಡಗಿತು. ಕೈಗೂ ಕಣ್ಣಿಗೂ ಪರಿಚಯವಾಗಲು ಹದಿನೇಳನೇ ವಯಸ್ಸೂ ತಡವಾಗಿರಲಿಲ್ಲ.

ಹದಿನೇಳಾಯಿತು, ಮೂವತ್ತಾಯಿತು. ನನ್ನ ತರಗತಿಯವರು ಅದಕ್ಕಿಂತ ಎಷ್ಟೋ ಹಿರಿಯರು. ಅವರಿಗಾಗಿ ನಾನು ಇಟ್ಟುಕೊಂಡಿರುವುದು ಜರ್ಮನಿಯ ಒಂದು ಉದಾಹರಣೆ. ಮೂರು ಚೆಂಡುಗಳನ್ನು ಸಾಲಾಗಿ ಮೇಲೆಸೆದು ಹಿಡಿಯುವ ಆಟ ಕಲಿತ ಎಳೆಯರಲ್ಲಿ, ಚಲಿಸುವುದನ್ನು ನೋಡುವ ಮಿದುಳಿನ ಭಾಗದ ಬೂದು ದ್ರವ್ಯ ಹೆಚ್ಚಿತು ಎಂದು ಬೊಗ್ಡಾನ್ ಡ್ರಗಾನ್ಸ್ಕಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. 2008ರಲ್ಲಿ ಅದೇ ಆಟವನ್ನು ಅರವತ್ತರ ಆಸುಪಾಸಿನವರಿಗೆ ಕಲಿಸಿ ನೋಡಿದರು. ಹಿರಿಯರಲ್ಲಿ ಚೆನ್ನಾಗಿ ಪಳಗಿದವರು ಕಡಿಮೆ, ಆದರೂ ಅದೇ ಜಾಗದಲ್ಲಿ ಅದೇ ಬದಲಾವಣೆ ಕಂಡಿತು. ಈ ಕಥೆ ಹೇಳಿದಾಗ ಒಬ್ಬ ಅಜ್ಜಿ, “ಚೆಂಡ್ ಎಸೆಯೋಕೆ ಅವರಿಗೆ ಬುದ್ಧಿ ಬಂತು ಅಂದ್ರೆ, ಅಕ್ಷರ ಕಲಿಯೋಕೆ ನಂಗ್ಯಾಕ್ ಬರಲ್ಲ?” ಎಂದು ಕೇಳಿ ಸ್ಲೇಟು ಹತ್ತಿರಕ್ಕೆ ಎಳೆದುಕೊಂಡರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. “ತಲೆಗೆ ಹತ್ತಲ್ಲ” ಎನ್ನುವವರಲ್ಲಿ ಅರ್ಧಕ್ಕರ್ಧ ಜನರಿಗೆ ತೊಂದರೆ ತಲೆಯದಲ್ಲ, ಚಾಳೀಸು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ಹೊಲದ ಕೆಲಸಕ್ಕೆ, ದನ ಕಾಯಲು ಅದರಿಂದ ಅಡ್ಡಿಯಿಲ್ಲ; ಅಕ್ಕಿಯಲ್ಲಿ ಕಲ್ಲು ಆರಿಸುವಾಗ, ಸೂಜಿಗೆ ದಾರ ಪೋಣಿಸುವಾಗ ಮೊಮ್ಮಕ್ಕಳನ್ನು ಕರೆದರಾಯಿತು. ಹಾಗಾಗಿ ಅವರಿಗೆ ಗೊತ್ತೇ ಆಗಿರುವುದಿಲ್ಲ. ಒತ್ತಕ್ಷರ ಕಾಣದಿದ್ದವರಿಗೆ ಒತ್ತಕ್ಷರ ಬರಲಿಲ್ಲ ಎಂದು ನಾವು ತೀರ್ಮಾನ ಮಾಡಿರುತ್ತೇವೆ. ಮಿದುಳಿಗೆ ಚೊಕ್ಕ ಆಕಾರ ತಲುಪದಿದ್ದರೆ ಅದು ಕಲಿಯುವುದಾದರೂ ಏನನ್ನು? ನಮ್ಮ ತರಗತಿಗೆ ಸೇರುವವರಿಗೆ ಮೊದಲ ಪಾಠ ಕಣ್ಣಿನ ಪರೀಕ್ಷೆ, ಆಮೇಲೆ ಅ ಆ ಇ ಈ.

ಇನ್ನೊಂದು ಅಂಜಿಕೆ ಅವರದು. ಓದು ಬಂದರೆ ಇದ್ದದ್ದು ಹೋಗುತ್ತದೆಯೇ? ಅದು ಹುಂಬ ಪ್ರಶ್ನೆ ಅಲ್ಲ. ಈ ಹೆಂಗಸರು ನೂರಾರು ಸೋಬಾನೆ ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡವರು, ಸಂತೆಯ ಲೆಕ್ಕವನ್ನು ಚೀಟಿಯಿಲ್ಲದೆ ಒಪ್ಪಿಸುವವರು. ವಿಜ್ಞಾನಿಗಳೂ ಇದನ್ನೇ ಕೇಳಿಕೊಂಡರು. ದೆಹಾನ್ ತಂಡದವರು 2010ರಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್‌ನ 63 ಮಂದಿಯನ್ನು ಪರೀಕ್ಷಿಸಿದಾಗ, ಓದು ಬಲ್ಲವರಲ್ಲಿ ಅಕ್ಷರದ ಜಾಗ ಮುಖಗಳಿಗೆ ಸ್ವಲ್ಪ ಕಡಿಮೆ ಸ್ಪಂದಿಸುವಂತೆ ಕಂಡಿತ್ತು. ಅವರಲ್ಲಿ 22 ಮಂದಿ ದೊಡ್ಡವರಾದ ಮೇಲೆ ಓದು ಕಲಿತವರು, ಅಕ್ಷರಕ್ಕೆ ಅವರ ಮಿದುಳೂ ಪಳಗಿತ್ತು. ಮುಂದೆ 2019ರಲ್ಲಿ ಅಲೆಕ್ಸಿಸ್ ಹರ್ವೆ-ಏಡೆಲ್ಮನ್, ಹ್ಯೂಟಿಗ್ ಮತ್ತು ಭಾರತೀಯ ಸಂಗಡಿಗರು ಉತ್ತರ ಭಾರತದ ಹಿಂದಿ ಮಾತಾಡುವ ಹಳ್ಳಿಗರಲ್ಲೇ ಇದನ್ನು ಮತ್ತೆ ನೋಡಿದರು. ಅಕ್ಷರ ಬಂದದ್ದರಿಂದ ಮುಖ ಗುರುತಿಸುವ ಕೆಲಸ ಕುಗ್ಗಿದ್ದು ಕಾಣಲಿಲ್ಲ. ನೋಟದ ಸ್ಪಂದನ ಒಟ್ಟಾರೆ ಚುರುಕಾಗಿತ್ತು. ನನಗೆ ಈ ಎರಡನೆಯದರ ಮೇಲೆ ಹೆಚ್ಚು ನಂಬಿಕೆ, ಯಾಕೆಂದರೆ ಅದರಲ್ಲಿದ್ದವರು ನನ್ನ ತರಗತಿಯವರಂಥವರೇ. ಪದ ಹಾಡುವವರು ಓದು ಕಲಿತ ಮೇಲೂ ಹಾಡುತ್ತಿದ್ದಾರೆ, ಜೊತೆಗೆ ಒಬ್ಬಾಕೆ ತಾನು ಹಾಡುವ ಪದಗಳನ್ನು ಬರೆಸಿಟ್ಟುಕೊಳ್ಳಲು ನೋಟ್‌ಬುಕ್ಕು ಕೊಂಡಿದ್ದಾರೆ.

ನನಗೆ ನಿದ್ದೆ ಕೆಡಿಸುವುದು ಬೇರೆ ವಿಷಯ. ಡ್ರಗಾನ್ಸ್ಕಿಯವರ ಅಧ್ಯಯನದಲ್ಲಿ ಚೆಂಡಿನ ಆಟ ಬಿಟ್ಟು ಮೂರು ತಿಂಗಳಾದ ಮೇಲೆ ಮತ್ತೆ ಚಿತ್ರ ತೆಗೆದರು. ಹೆಚ್ಚಿದ್ದು ಇಳಿಯತೊಡಗಿತ್ತು. ನರಕೋಶಗಳ ನಡುವಿನ ಬೆಸುಗೆ ಬಳಸಿದಷ್ಟು ಬಲಿಯುತ್ತದೆ, ಬಿಟ್ಟರೆ ಸಡಿಲವಾಗುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ. 68.08 ಮಂದಿ ಅಕ್ಷರಸ್ಥರು. ಆ ಲೆಕ್ಕದೊಳಗೆ ಒಂದು ಕಾಲದಲ್ಲಿ ಕಲಿತು, ಆಮೇಲೆ ಓದಲು ಏನೂ ಸಿಗದೆ ಮರೆತವರೂ ಇದ್ದಾರೆ; ಅಂಥವರು ನನ್ನ ತರಗತಿಗೆ ಎರಡನೇ ಸಲ ಬರುತ್ತಾರೆ, ಸ್ವಲ್ಪ ನಾಚಿಕೊಂಡು. ನಾಚಬೇಕಾದವರು ಅವರಲ್ಲ. ಆರು ತಿಂಗಳು ಕಲಿಸಿ, ಪರೀಕ್ಷೆ ಬರೆಸಿ, ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುವುದು ಮಿದುಳಿನ ಕೆಲಸದ ರೀತಿಗೇ ವಿರುದ್ಧ. ದಿನಕ್ಕೆ ಅರ್ಧ ಗಂಟೆಯಾದರೂ ಕಣ್ಣಿಗೆ ಅಕ್ಷರ ಬೀಳುತ್ತಿರಬೇಕು, ಬಿದ್ದದ್ದಕ್ಕೆ ಬಾಯಿ ಸದ್ದು ಕೊಡುತ್ತಿರಬೇಕು.

ಹಾಗಾಗಿ ನಮ್ಮ ಪಠ್ಯ ಮುಗಿದ ಮೇಲೂ ತರಗತಿ ಮುಗಿಯುವುದಿಲ್ಲ. ಬಸ್ಸಿನ ಬೋರ್ಡು ಓದುತ್ತೇವೆ. ‘ತುರುವೇಕೆರೆ’ ಬಹಳ ಒಳ್ಳೆಯ ಪದ: ಎರಡು ಕೊಂಬು, ಒಂದು ದೀರ್ಘದ ಏತ್ವ, ಎರಡು ಗಿಡ್ಡ ಏತ್ವ, ಒತ್ತಕ್ಷರದ ಕಾಟ ಇಲ್ಲ. ಮೊದಲು ಇವರೆಲ್ಲ ಬಸ್ಸು ಗುರುತಿಸುತ್ತಿದ್ದದ್ದು ಬರುವ ಹೊತ್ತಿನಿಂದ, ಕಂಡಕ್ಟರ್ ಮುಖದಿಂದ, ಇಲ್ಲವೇ “ಯಾವ ಕಡೆಗಪ್ಪಾ?” ಎಂದು ಕೇಳಿ. ಸಂಘದ ಪಾಸ್‌ಪುಸ್ತಕ, ರೇಷನ್ ಅಂಗಡಿಯ ಹಲಗೆ, ಗೊಬ್ಬರದ ಚೀಲ, ಜಾತ್ರೆಯ ಕರಪತ್ರ, ಎಲ್ಲವೂ ಪಠ್ಯವೇ. ಕಥೆಪುಸ್ತಕ ತಂದುಕೊಟ್ಟೆ, ಓದಿದರು. ಮೊನ್ನೆ ಅವರಲ್ಲೇ ಒಬ್ಬರು ಪುಸ್ತಕ ವಾಪಸು ಕೊಡುತ್ತ, “ರಾಜಂದು ರಾಣಿದು ಸಾಕು ಟೀಚರಮ್ಮ, ಕೋಳಿಗೆ ಬರೋ ಕಾಯ್ಲೆದು ಏನಾರ ಇದ್ರೆ ತತ್ತನ್ನಿ” ಎಂದರು. ಕೋಳಿ ರೋಗದ ಒಂದು ಕರಪತ್ರ ಸಿಕ್ಕಿದೆ. ಅಕ್ಷರ ಇರುವೆಯಷ್ಟು ಸಣ್ಣದು. ಅದನ್ನೇ ಡ್ರಾಯಿಂಗ್ ಹಾಳೆಯ ಮೇಲೆ ದಪ್ಪಗೆ ಬರೆದು ಅಂಗನವಾಡಿಯ ಗೋಡೆಗೆ ಅಂಟಿಸುತ್ತಿದ್ದೇನೆ. ‘ಲಸಿಕೆ’, ‘ಕೊಕ್ಕರೆ ರೋಗ’ ಆಗಿದೆ, ಔಷಧಿಯ ಪ್ರಮಾಣದ ಸಾಲು ಬಾಕಿ ಇದೆ.